ದುಡಿಮೆಯ ಸದ್ದು, ವಲಸೆಯ ಹಾಡು: ಹಾಸನ ಸೀಮೆ

ಮನೆ, ಹೊಲ, ದಾರಿ ಮತ್ತು ಹೊಳೆದಂಡೆಗಳಲ್ಲಿ ದಿನವೂ ಹುಟ್ಟುವ ಸದ್ದನ್ನೇ ಶ್ರುತಿಯಾಗಿ, ತಾಳವಾಗಿ ಹಿಡಿದು, ಹುಟ್ಟಿದೂರು ಬಿಟ್ಟು ಬಂದವರ ನೆನಪನ್ನು ಹಾಡಾಗಿಸುವ ಪರಂಪರೆ ಹಾಸನ ಸೀಮೆಯಲ್ಲಿ ಬಹು ಹಿಂದಿನಿಂದ ಇದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳೂ ಹೇಮಾವತಿ, ಕಾವೇರಿ ನದಿಗಳ ನಡುವಣ ನೆರೆಯ ಹಳ್ಳಿಗಳೂ ಇದರ ನೆಲೆ. ಈ ಪರಂಪರೆಯಲ್ಲಿ ಮೂರು ಬಗೆಯ ವಲಸೆಗಳು ಕಾಣುತ್ತವೆ: ಮದುವೆಯಾಗಿ ಕೊಟ್ಟ ಮನೆ ಸೇರಿದ ಹೆಣ್ಣಿನದು, ಸಮುದಾಯವೇ ಊರು ಬಿಟ್ಟು ಬಂದು ನೆಲೆಸಿದ್ದು, ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರದು. ಮೊದಲನೆಯದು ಬೀಸುಕಲ್ಲಿನ ಪದವಾಯಿತು. ಎರಡನೆಯದು ಗಮಕವೆಂಬ ಕಾವ್ಯವಾಚನವೂ ಸಂಗೀತ ಕಛೇರಿಯೂ ಆಯಿತು. ಮೂರನೆಯದಕ್ಕೆ ಅಂಥ ಹಾಡಿನ ಪ್ರಕಾರವೊಂದು ಬೆಳೆಯಲಿಲ್ಲ.

ನೆಲ ಮತ್ತು ನುಡಿ

ಹೇಮಾವತಿ ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಸಕಲೇಶಪುರ, ಗೊರೂರು, ಹೊಳೆನರಸೀಪುರಗಳನ್ನು ಹಾದು, ಕೃಷ್ಣರಾಜಸಾಗರದ ಹಿನ್ನೀರಿನ ಬಳಿ ಕಾವೇರಿಯನ್ನು ಸೇರುತ್ತದೆ. ಹೊಳೆನರಸೀಪುರದ ಹೆಸರಿನಲ್ಲಿರುವ ‘ಹೊಳೆ’ ಇದೇ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ರುದ್ರಪಟ್ಟಣಗಳು ಕಾವೇರಿಯ ದಂಡೆಯ ಊರುಗಳು. ಚನ್ನರಾಯಪಟ್ಟಣ ಕೆರೆ, ತೆಂಗು, ರಾಗಿಯ ಬಯಲುಸೀಮೆ. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರು ಪಟ್ಟಣಗಳೂ ಹೆಚ್ಚುಕಡಿಮೆ 30ರಿಂದ 40 ಕಿ.ಮೀ. ದೂರದಲ್ಲಿವೆ. ಎತ್ತಿನ ಗಾಡಿಯ ಕಾಲದಲ್ಲಿ ಅದು ಒಂದು ಹಗಲಿನ ಹಾದಿ. ಇಲ್ಲಿನ ಹಾಡುಗಳಲ್ಲಿ ಬರುವ ‘ದೂರ’ವನ್ನು ಈ ಅಳತೆಯಲ್ಲೇ ಕೇಳಬೇಕು. ತವರು ಕಣ್ಣಿಗೆ ಕಾಣದಷ್ಟು ದೂರ, ನಂಟರ ಬಾಯಲ್ಲಿ ಸುದ್ದಿ ಬರುವಷ್ಟು ಹತ್ತಿರ.

ಊರು ಬಿಡುವುದಕ್ಕೂ ನೆಲೆ ನಿಲ್ಲುವುದಕ್ಕೂ ಈ ಭಾಗದ ಜನ ಬಳಸುವ ಮಾತುಗಳು ‘ಒಕ್ಕಲು’ ಎಂಬ ಪದದ ಸುತ್ತ ಇವೆ. ಬೇಸಾಯದ ಮನೆತನ ಒಕ್ಕಲು, ಹೊಸ ಮನೆಗೆ ಕಾಲಿಡುವುದು ಮನೆ ಒಕ್ಕಲು, ನೆಲೆ ಕಳೆಯುವುದು ಒಕ್ಕಲೆಬ್ಬಿಸುವುದು. ಹೆಣ್ಣಿನ ಮಟ್ಟಿಗೆ ಮಾತು ಬೇರೆ. ಅವಳನ್ನು ಒಂದು ಊರಿಗೆ ‘ಕೊಡುತ್ತಾರೆ’. ಆ ಮೇಲೆ ಅವಳಿಗೆ ಇರುವುದು ‘ಕೊಟ್ಟ ಮನೆ’ ಮತ್ತು ‘ತವರು’. ಸಂಸಾರ ಹೂಡಿ ನಲವತ್ತು ವರ್ಷ ಕಳೆದರೂ ‘ನಮ್ಮೂರು’ ಎಂದಾಗ ಅವಳು ಹೇಳುವುದು ತವರೂರನ್ನೇ.

ಊರು ಬಿಟ್ಟು ಬಂದು ನೆಲೆಸುವ ಈ ಎಳೆ ಸ್ಥಳಪುರಾಣಗಳಲ್ಲೂ ಇದೆ. ಹಾಸನಾಂಬೆಯ ಐತಿಹ್ಯದ ಪ್ರಕಾರ ಕಾಶಿಯಿಂದ ದಕ್ಷಿಣಕ್ಕೆ ಹೊರಟ ಸಪ್ತಮಾತೃಕೆಯರಲ್ಲಿ ಮೂವರು ಹಾಸನದಲ್ಲಿ ಹುತ್ತವಾಗಿ ನೆಲೆಸಿದರು, ಒಬ್ಬಳು ಕೆಂಚಮ್ಮನ ಹೊಸಕೋಟೆಗೆ ಹೋದಳು, ಉಳಿದ ಮೂವರು ದೇವಿಗೆರೆಯಲ್ಲಿ ನಿಂತರು. ಊರ ದೇವತೆಯೇ ಹೊರಗಿನಿಂದ ಬಂದವಳು. ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಬಾಗಿಲು ತೆರೆಯುವ ಈ ಗುಡಿಯಲ್ಲಿ ‘ಸೊಸೆ ಕಲ್ಲು’ ಎಂಬುದೊಂದಿದೆ. ಅತ್ತೆಯ ಕಾಟಕ್ಕೆ ಸಿಕ್ಕ ಸೊಸೆ ಕಲ್ಲಾದಳೆಂದೂ ಆ ಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆಂದೂ ಜನ ನಂಬುತ್ತಾರೆ.

ಸದ್ದಿನ ಮೂಲಗಳು

ಹಾಡಿಗೆ ಆಸರೆಯಾದ ಸದ್ದುಗಳಲ್ಲಿ ಮುಖ್ಯವಾದದ್ದು ಬೀಸುಕಲ್ಲಿನದು. ರಾಗಿ ಉಣ್ಣುವ ಈ ಸೀಮೆಯಲ್ಲಿ ಅದಕ್ಕೆ ರಾಗಿಕಲ್ಲು ಎಂದೇ ಹೆಸರು. ಹಿಟ್ಟಿನ ಗಿರಣಿ ಬರುವ ಮುಂಚೆ ಮುದ್ದೆಗೆ ಬೇಕಾದ ಹಿಟ್ಟನ್ನು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸಿಕೊಳ್ಳಬೇಕಿತ್ತು. ಒಬ್ಬಳೇ ಬೀಸುವುದುಂಟು, ಅತ್ತೆ ಸೊಸೆಯೋ ಓರಗಿತ್ತಿಯರೋ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುವುದೂ ಉಂಟು. ಕಲ್ಲಿನ ಬಾಯಿಗೆ ಹಿಡಿ ರಾಗಿ ಬಿದ್ದಾಗ ಸದ್ದು ತಗ್ಗಿ ದಪ್ಪವಾಗುತ್ತದೆ, ಕಾಳು ಸವೆದಂತೆ ಏರುತ್ತದೆ, ಬರಿದಾದರೆ ಕಲ್ಲಿಗೆ ಕಲ್ಲು ಉಜ್ಜಿ ಕಿರುಗುಟ್ಟುತ್ತದೆ. ಹಾಡುವವಳ ಕೊರಳು ಈ ಏರಿಳಿತವನ್ನು ಅನುಸರಿಸುತ್ತದೆ. ಕಾಳು ಹಾಕಲು ಕೈ ಬಿಡುವ ಗಳಿಗೆಯೇ ಉಸಿರು ಎಳೆದುಕೊಳ್ಳುವ ಗಳಿಗೆ. ಉಳಿ ಹಾಕಿ ಹೊಸದಾಗಿ ಒರಟು ಮಾಡಿದ ಕಲ್ಲಿನ ದನಿ ಬೇರೆ, ನುಣ್ಣಗೆ ಸವೆದ ಕಲ್ಲಿನ ದನಿ ಬೇರೆ.

ಒರಳು ಒನಕೆಯ ಲಯ ಇನ್ನೊಂದು ತೆರ. ಬೀಸುವುದು ಎಡೆಬಿಡದ ಸುತ್ತು, ಕುಟ್ಟುವುದು ಬಿಟ್ಟು ಬಿಟ್ಟು ಬೀಳುವ ಪೆಟ್ಟು. ಇಬ್ಬರು ಮೂವರು ಒಂದೇ ಒರಳಿಗೆ ಸರದಿಯಲ್ಲಿ ಒನಕೆ ಹಾಕುವಾಗ ಪೆಟ್ಟುಗಳ ನಡುವೆ ಸಮನಾದ ತೆರಪು ಇರಲೇಬೇಕು, ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಇಲ್ಲಿ ತಾಳವೆಂಬುದು ಮೊದಲು ಕೈಗೆ ಪೆಟ್ಟಾಗದಂತೆ ನೋಡಿಕೊಳ್ಳುವ ಉಪಾಯ, ಆಮೇಲೆ ಸೊಗಸು. ಮೊರದಲ್ಲಿ ಕೇರುವ ಸದ್ದು, ಸುಗ್ಗಿಯ ಕಣದಲ್ಲಿ ರೋಣಗಲ್ಲು ಉರುಳುವ ಸದ್ದು, ಗದ್ದೆಯ ಕೆಸರಿನಲ್ಲಿ ನಾಟಿ ಹಾಕುವಾಗ ಕಾಲು ಕೀಳುವ ಸದ್ದು, ಕಬ್ಬಿನ ಆಲೆ ಮತ್ತು ಎಣ್ಣೆಗಾಣದ ಕಿರುಗುಟ್ಟುವಿಕೆ ಇವಕ್ಕೂ ಹಾಡಿನ ನಂಟಿದೆ.

ಗಂಡಸರ ಪಾಲಿಗೆ ಕಪಿಲೆಯ ಹಾಡು ಮುಖ್ಯ. ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದಾಗ ಬಾವಿಯಿಂದ ತೊಗಲಿನ ಬಾನಿ ಮೇಲೇರುತ್ತದೆ, ಹಿಂದಕ್ಕೆ ಬಂದಾಗ ಇಳಿಯುತ್ತದೆ. ರಾಟೆಯ ಸದ್ದು, ಹಗ್ಗದ ಬಿಗಿತ, ನೀರು ಸುರಿಯುವ ಸದ್ದು ಇಷ್ಟೂ ಸೇರಿ ಒಂದು ಸುತ್ತು. ಹಾಡು ಎತ್ತಿಗೆ ಹೇಳುವ ಮಾತೂ ಹೌದು, ಹೊಡೆಯುವವನು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನವೂ ಹೌದು. ವಿದ್ಯುತ್ ಪಂಪ್‌ಸೆಟ್ ಬಂದ ಮೇಲೆ ಮೊದಲು ಮರೆಯಾದ ಹಾಡುಗಳಲ್ಲಿ ಇದೂ ಒಂದು.

ತ್ರಿಪದಿಯ ಮಟ್ಟು

ಬೀಸುವ ಪದ, ಕುಟ್ಟುವ ಪದಗಳ ಮುಖ್ಯ ಛಂದಸ್ಸು ತ್ರಿಪದಿ. ಅಂಶಗಣದ ಈ ಮೂರು ಸಾಲಿನ ಪದ್ಯದಲ್ಲಿ 11 ಗಣಗಳು. 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು 700ರಲ್ಲಿ, ಇದು ಆಗಲೇ ಕಲ್ಲಿನ ಮೇಲೆ ಕಾಣಿಸಿಕೊಂಡಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುವುದನ್ನು ಹೇಳಿದ್ದಾನೆ. ದುಡಿಮೆಯ ಹಾಡನ್ನು ಸಂಗೀತವೆಂದೇ ಎಣಿಸಿದ ಹಳೆಯ ದಾಖಲೆಗಳಲ್ಲಿ ಇದೊಂದು.

ಓದುವಾಗ ಮೂರು ಸಾಲಿರುವ ತ್ರಿಪದಿ ಹಾಡುವಾಗ ನಾಲ್ಕಾಗುತ್ತದೆ. ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಎತ್ತಿಕೊಂಡು ಅದರ ಮೂಲಕ ಮೂರನೆಯ ಸಾಲಿಗೆ ಹೋಗುವುದು ವಾಡಿಕೆ. ಈ ಮರುಕಳಿಕೆಗೆ ಕಾರಣ ಕಲ್ಲಿನಲ್ಲಿದೆ. ತಿರುಗುವ ಕಲ್ಲು ಹೊರಟಲ್ಲಿಗೇ ಬಂದು ಮುಂದೆ ಹೋಗುತ್ತದೆ, ಹಾಡೂ ಹಾಗೆಯೇ ಒಮ್ಮೆ ಹಿಂತಿರುಗಿ ಮುಂದೆ ಹೋಗುತ್ತದೆ. ಜೊತೆಯಲ್ಲಿ ಬೀಸುವವಳು ಸೊಲ್ಲು ಹಿಡಿಯುವುದಕ್ಕೂ, ಹಾಡುವವಳು ಮುಂದಿನ ಮಾತನ್ನು ಹೊಂದಿಸಿಕೊಳ್ಳುವುದಕ್ಕೂ ಅಷ್ಟು ಹೊತ್ತು ಸಿಗುತ್ತದೆ. ಪದ ಕಟ್ಟುವುದೂ ಹಿಟ್ಟು ಬೀಸುವುದೂ ಹೀಗೆ ಒಂದೇ ಕೆಲಸವಾಗಿ ನಡೆಯುತ್ತವೆ.

ತವರಿನ ಪದಗಳು

ಬೀಸುವ ಪದಗಳ ಸರಣಿಗೆ ಒಂದು ಕ್ರಮವಿದೆ. ಮೊದಲು ಕಲ್ಲಿಗೆ, ಧಾನ್ಯಕ್ಕೆ, ದೇವರಿಗೆ ನಮಸ್ಕಾರ. ಆಮೇಲೆ ತಾಯಿ, ತಂದೆ, ಅಣ್ಣತಮ್ಮಂದಿರು, ಮಕ್ಕಳು, ಅತ್ತೆಮನೆಯ ಸುಖದುಃಖ. ಬೀಸಿ ಮುಗಿದ ಮೇಲೆ ಮತ್ತೆ ಕಲ್ಲಿಗೆ ಶರಣು. ಕಲ್ಲನ್ನು ತಾಯಿಯೆಂದು ಕರೆಯುವುದು ಸಾಮಾನ್ಯ. ಕೊಟ್ಟ ಮನೆಯಲ್ಲಿ ಯಾರೂ ಏಳದ ಹೊತ್ತಿನಲ್ಲಿ ಅವಳ ಮಾತು ಕೇಳಿಸಿಕೊಳ್ಳುವುದು ಆ ಕಲ್ಲೊಂದೇ. ಅದರ ಸದ್ದಿನ ಮರೆಯಲ್ಲಿ ಅತ್ತೆಯ ಮೇಲಿನ ಸಿಟ್ಟನ್ನೂ ಹಾಡಿಬಿಡಬಹುದು. ಒಳಕೋಣೆಯಲ್ಲಿ ಮಲಗಿದವರಿಗೆ ಬೀಸುವ ಸದ್ದು ಕೇಳುತ್ತದೆ, ಮಾತು ಅಷ್ಟಾಗಿ ತಿಳಿಯುವುದಿಲ್ಲ.

ತವರಿನ ಪದಗಳಲ್ಲಿ ಸದ್ದು ಬರೀ ಹಿನ್ನೆಲೆಯಲ್ಲ, ವಸ್ತುವೂ ಹೌದು. ಗೌರಿಹಬ್ಬಕ್ಕೆ ಬಾಗಿನ ತರುವ ಅಣ್ಣನ ಗಾಡಿ ಕಣ್ಣಿಗೆ ಬೀಳುವ ಮೊದಲೇ ಎತ್ತಿನ ಕೊರಳ ಗಂಟೆ ಕೇಳುತ್ತದೆ. ಗೌರಿಯೂ ತವರಿಗೆ ಬಂದು ಹೋಗುವ ಮಗಳೇ. ಅರಸೀಕೆರೆ ತಾಲ್ಲೂಕಿನ ಮಾಡಾಳಿನಲ್ಲಿ ಸ್ವರ್ಣಗೌರಿಯನ್ನು ಕೂರಿಸಿ, ದಿನಗಟ್ಟಲೆ ಪೂಜಿಸಿ ಬೀಳ್ಕೊಡುವ ಜಾತ್ರೆಗೆ ಸುತ್ತಲ ಜಿಲ್ಲೆಗಳ ಹೆಂಗಸರು ಸೇರುತ್ತಾರೆ. ಮದುವೆಯ ಸೋಬಾನೆ ಪದಗಳಲ್ಲಿ ಹೆಣ್ಣೊಪ್ಪಿಸುವ ಹಾಡಿನ ಹೊತ್ತಿಗೆ ವಾಲಗ ನಿಲ್ಲುತ್ತದೆ, ಕೊರಳೊಂದೇ ಉಳಿಯುತ್ತದೆ. ಬಂದ ದಾರಿಯಲ್ಲಿ ಗಾಡಿ ಹಿಂತಿರುಗುವ ಸದ್ದನ್ನು ಕೇಳುವ ಮದುಮಗಳ ಚಿತ್ರ ಈ ಹಾಡುಗಳ ಲೋಕಕ್ಕೆ ಸೇರಿದ್ದು.

ಎರಡು ಊರುಗಳ ನಡುವಿನ ಜೀವಂತ ಕೊಂಡಿ ಬಳೆಗಾರ. ಗಾಜಿನ ಸದ್ದಿನಿಂದಲೇ ಗುರುತಾಗುವ ಅವನು ಹೆಂಗಸರ ಅಂಗಳಕ್ಕೆ ಅಡೆತಡೆಯಿಲ್ಲದೆ ಬರಬಲ್ಲ, ಸುದ್ದಿ ಒಯ್ಯಬಲ್ಲ. ‘ಭಾಗ್ಯದ ಬಳೆಗಾರ’ ಎಂದು ನಾಡಿಗೆಲ್ಲ ತಿಳಿದಿರುವ ಜನಪದ ಗೀತೆಯಲ್ಲಿ ಹೆಣ್ಣೊಬ್ಬಳು ತನ್ನ ತವರಿಗೆ ದಾರಿ ಹೇಳುತ್ತಾಳೆ. ಅವಳು ಕೊಡುವ ಗುರುತುಗಳು ಮೈಲಿಗಲ್ಲಲ್ಲ: ಎಡಬಲದ ತೋಟ, ಹೆಂಚಿನ ಮನೆ, ಆಡುವ ಆಲೆ, ತಿರುಗುವ ಗಾಣ, ನಲಿಯುವ ನವಿಲು. ಹೆಚ್ಚಿನವು ಚಲಿಸುವ, ಸದ್ದು ಮಾಡುವ ಗುರುತುಗಳು. ಹುಟ್ಟೂರನ್ನು ಕಿವಿಯಿಂದಲೂ ನೆನೆಯುವ ಈ ಬಗೆ ಮುಂದೆ ಬರಹದ ಕಾವ್ಯಕ್ಕೂ ಇಳಿಯಿತು. ಚನ್ನರಾಯಪಟ್ಟಣದ ನೆರೆಯಲ್ಲಿರುವ, ಈಗ ಮಂಡ್ಯ ಜಿಲ್ಲೆಗೆ ಸೇರಿದ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942) ಸಂಕಲನದ ಬಳೆಗಾರ ಚೆನ್ನಯ್ಯ ತವರಿನಲ್ಲಿರುವ ಹೆಂಡತಿಗೂ ದೂರದ ಗಂಡನಿಗೂ ನಡುವೆ ಓಡಾಡುವವನು. ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವಥ್ ಈ ಕವನಗಳನ್ನು ಆಧರಿಸಿದ ‘ಮೈಸೂರ ಮಲ್ಲಿಗೆ’ (1992) ಚಲನಚಿತ್ರಕ್ಕೆ ಸಂಗೀತ ಕೊಟ್ಟರು. ಸುಗಮ ಸಂಗೀತಕ್ಕೆ ಜನಪದದ ಬಿಚ್ಚುಕೊರಳನ್ನು ತಂದವರಲ್ಲಿ ಅವರು ಪ್ರಮುಖರು.

ಹೆಳವರು: ವಲಸೆಯನ್ನು ಹಾಡಿ ಹೇಳುವವರು

ಗಂಡುಮನೆತನಗಳ ವಲಸೆಯ ನೆನಪನ್ನು ಕಾಯ್ದವರು ಹೆಳವರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುವ ಈ ಅಲೆಮಾರಿ ವಂಶಗಾಯಕರು, ಒಕ್ಕಲ ಮನೆಯ ಮುಂದೆ ನಿಂತು ಆ ಮನೆತನ ಯಾವ ಊರಿನಿಂದ ಎದ್ದು ಬಂದಿತು, ಎಲ್ಲೆಲ್ಲಿ ನಿಂತಿತು, ಯಾರಿಗೆ ಯಾರು ಹುಟ್ಟಿದರು, ಮನೆದೇವರು ಯಾವುದು ಎಂಬುದನ್ನು ರಾಗವಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಹೋಗುತ್ತಾರೆ, ಪ್ರತಿಯಾಗಿ ದವಸವನ್ನೋ ಹಣವನ್ನೋ ಪಡೆಯುತ್ತಾರೆ. ಊರು ಬಿಟ್ಟು ತಲೆಮಾರುಗಳು ಕಳೆದರೂ ಮನೆದೇವರ ಒಕ್ಕಲುತನ ಬಿಡದೆ ಹಳೆಯ ಊರಿಗೆ ಹೋಗಿ ಹರಕೆ ತೀರಿಸುವ ರೂಢಿಗೆ ಹೆಳವರ ಮಾತು ಆಧಾರ. ನೆಲೆಯೂರಿದವರ ನೆಲೆಯನ್ನು ನೆಲೆಯಿಲ್ಲದವರು ಕಾಯ್ದದ್ದು ಈ ಸಂಪ್ರದಾಯದ ವಿಶೇಷ. ವಂಶಾವಳಿಯನ್ನು ಮಗನ ಸಾಲಿನಲ್ಲೇ ಹೇಳುವುದರಿಂದ ಹೊರಗೆ ಕೊಟ್ಟ ಹೆಣ್ಣುಮಕ್ಕಳ ಹಾದಿ ಇದರಲ್ಲಿ ಮುಂದುವರಿಯುವುದಿಲ್ಲ. ಆ ಹಾದಿಯ ದಾಖಲೆ ಬೀಸುವ ಪದದಲ್ಲಿದೆ.

ಸಂಕೇತಿಗಳು ಮತ್ತು ರುದ್ರಪಟ್ಟಣ

ಸಮುದಾಯವೊಂದು ಒಟ್ಟಾಗಿ ಊರು ಬಿಟ್ಟು ಬಂದ ನಿದರ್ಶನ ಸಂಕೇತಿ ಬ್ರಾಹ್ಮಣರದು. ಇಂದಿನ ತಮಿಳುನಾಡಿನ ತೆಂಕಾಶಿ ಜಿಲ್ಲೆಯ ಶೆಂಗೋಟೆಯ ಸುತ್ತಲಿಂದ ಕೆಲವು ಶತಮಾನಗಳ ಹಿಂದೆ ಇವರು ಕನ್ನಡನಾಡಿಗೆ ಬಂದರು. ಹಾಸನದ ಸಮೀಪದ ಕೌಶಿಕ ಒಂದು ಪಂಗಡಕ್ಕೂ, ಪಿರಿಯಾಪಟ್ಟಣದ ಕಡೆಯ ಬೆಟ್ಟದಪುರ ಇನ್ನೊಂದಕ್ಕೂ ಹೆಸರು ಕೊಟ್ಟವು. ವಲಸೆಯ ಕಾರಣವನ್ನು ಸಮುದಾಯ ನಾಚಾರಮ್ಮನ ಕಥೆಯಾಗಿ ಹೇಳಿಕೊಂಡು ಬಂದಿದೆ. ವಿದುಷಿಯಾದ ಆಕೆಗೆ ಅವಮಾನವಾಯಿತು, ಆಕೆ ಊರನ್ನು ತೊರೆದಳು, ಅವಳ ಹಿಂದೆ ಹೊರಟ ಮನೆತನಗಳು ಉಳಿದುಕೊಂಡವು ಎಂಬುದು ಅದರ ಸಾರ. ಇಡೀ ಸಮುದಾಯ ತನ್ನ ಮೂಲವನ್ನು ಹೆಣ್ಣೊಬ್ಬಳು ಮನೆ ಬಿಟ್ಟ ಗಳಿಗೆಯಿಂದ ಎಣಿಸುವುದು ಗಮನಾರ್ಹ.

ಸಂಕೇತಿ ಮನೆಮಾತು ತಮಿಳಿನ ಬುಡದಲ್ಲಿ ಮಲಯಾಳದ ಛಾಯೆ ಮತ್ತು ಕನ್ನಡದ ಶಬ್ದಗಳನ್ನು ಕೂಡಿಸಿಕೊಂಡದ್ದು. ಅದಕ್ಕೆ ಸ್ವಂತ ಲಿಪಿಯಿಲ್ಲ, ಬರೆಯಬೇಕಾದಾಗ ಕನ್ನಡ ಅಕ್ಷರ. ಅಡುಗೆಮನೆಯಲ್ಲಿ ಸಂಕೇತಿ, ಹೊಲದಲ್ಲಿ ಮತ್ತು ಸಂತೆಯಲ್ಲಿ ಕನ್ನಡ, ಜಗಲಿಯಲ್ಲಿ ವೇದಘೋಷ: ಒಂದೇ ಮನೆಯಲ್ಲಿ ಮೂರು ಬಗೆಯ ನಾದ ಕೇಳಿ ಬೆಳೆದ ಕಿವಿಗಳು ಗಮಕ ಮತ್ತು ಕರ್ನಾಟಕ ಸಂಗೀತಕ್ಕೆ ಸುಲಭವಾಗಿ ಒಲಿದವು. ಸ್ವರಭಾರ ತಪ್ಪದಂತೆ ಉಚ್ಚರಿಸುವ ವೇದಾಧ್ಯಯನದ ಕಟ್ಟು ಕಾವ್ಯವಾಚನಕ್ಕೆ ಒದಗಿತು. ಶಿವಮೊಗ್ಗದ ಬಳಿ ತುಂಗೆಯ ದಂಡೆಯ ಮತ್ತೂರು, ಹೊಸಹಳ್ಳಿಗಳೂ ಸಂಕೇತಿಗಳ ಊರುಗಳೇ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಈ ಪರಂಪರೆಯ ಎದ್ದುಕಾಣುವ ನೆಲೆ. ಕಾವೇರಿಯ ದಂಡೆಯ ಈ ಸಣ್ಣ ಹಳ್ಳಿಯಿಂದ ಗಾಯಕರು, ವೈಣಿಕರು, ಪಿಟೀಲು ವಾದಕರು ಸಾಲುಸಾಲಾಗಿ ಬಂದರು. ಹರಿಕಥೆ, ಗಮಕಗಳಲ್ಲಿ ಪರಿಣತರಾಗಿದ್ದ ರುದ್ರಪಟ್ಟಣ ಕೃಷ್ಣಶಾಸ್ತ್ರಿಗಳ ಮಕ್ಕಳಲ್ಲಿ ಆರ್.ಕೆ. ವೆಂಕಟರಾಮಶಾಸ್ತ್ರಿ ಪಿಟೀಲಿನಲ್ಲಿ, ಆರ್.ಕೆ. ರಾಮನಾಥನ್ ಮತ್ತು ಆರ್.ಕೆ. ಶ್ರೀಕಂಠನ್ ಹಾಡುಗಾರಿಕೆಯಲ್ಲಿ ಹೆಸರಾದರು. ಶ್ರೀಕಂಠನ್ (1920–2014) ಆಕಾಶವಾಣಿಯಲ್ಲಿ ದೀರ್ಘಕಾಲ ದುಡಿದು, 1995ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದನ್ನೂ 2011ರಲ್ಲಿ ಪದ್ಮಭೂಷಣವನ್ನೂ ಪಡೆದರು. ವೈಣಿಕ ಆರ್.ಎನ್. ದೊರೆಸ್ವಾಮಿ, ‘ರುದ್ರಪಟ್ಟಣ ಸಹೋದರರು’ ಎಂದು ಖ್ಯಾತರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಗಾಯಕ ಆರ್.ಕೆ. ಪದ್ಮನಾಭ ಇದೇ ಊರಿನವರು.

ಇವರಲ್ಲಿ ಬಹುಪಾಲು ಜನ ಮೈಸೂರು, ಬೆಂಗಳೂರುಗಳಿಗೆ ಹೋಗಿ ನೆಲೆಸಿದರು. ಆದರೆ ಎಲ್ಲರ ಹೆಸರಿನ ಮೊದಲ ಅಕ್ಷರ ‘ಆರ್.’, ಅದು ರುದ್ರಪಟ್ಟಣ. ಶತಮಾನಗಳ ಹಿಂದೆ ಒಂದು ಊರು ಬಿಟ್ಟು ಬಂದವರ ವಂಶದವರು ಎರಡನೆಯ ಊರನ್ನು ಬಿಡುವಾಗ ಅದನ್ನು ಹೆಸರಿನೊಳಗೆ ಇಟ್ಟುಕೊಂಡು ಹೊರಟರು. ಕಛೇರಿಯ ವೇದಿಕೆಯಲ್ಲಿ ರಾಗಕ್ಕಿಂತ ಮೊದಲು ಊರಿನ ಹೆಸರು ಕೇಳುತ್ತಿತ್ತು. ಹಳೆ ಮೈಸೂರಿನ ಈ ರೂಢಿ ಸಂಕೇತಿಗಳಿಗಷ್ಟೇ ಸೀಮಿತವಲ್ಲ. ಕೋಲಾರದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬಾಳಿದ ಕಾದಂಬರಿಕಾರ ಅ.ನ. ಕೃಷ್ಣರಾಯರ ‘ಅ’ ಅರಕಲಗೂಡು. ಸಂಗೀತಗಾರನ ಬದುಕನ್ನು ವಸ್ತುವಾಗಿಸಿಕೊಂಡ ‘ಸಂಧ್ಯಾರಾಗ’ ಅವರದೇ ಕಾದಂಬರಿ.

ಹೋದವರು ಮರಳಿ ಬಂದು ಕಟ್ಟಿದ ಗುರುತೂ ರುದ್ರಪಟ್ಟಣದಲ್ಲಿದೆ. ಆರ್.ಕೆ. ಪದ್ಮನಾಭ ಅವರ ಮುಂದಾಳತ್ವದಲ್ಲಿ ಅಲ್ಲಿ ಸಪ್ತಸ್ವರ ದೇವತೆಗಳ ಧ್ಯಾನಮಂದಿರ ಎದ್ದಿತು. ಕಟ್ಟಡದ ಆಕಾರ ತಂಬೂರಿಯದು. ಊರಿನಲ್ಲಿ ನಡೆಯುವ ಸಂಗೀತೋತ್ಸವಕ್ಕೆ ಬೇರೆಡೆ ನೆಲೆಸಿದ ಕಲಾವಿದರು ಬಂದು ಹಾಡುತ್ತಾರೆ.

ಮು‌ಳುಗಡೆ

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಎತ್ತರ 58.5 ಮೀಟರ್, ಉದ್ದ 4,692 ಮೀಟರ್, ನೀರಿನ ಸಂಗ್ರಹ ಸುಮಾರು 37 ಟಿಎಂಸಿ. ಹಿನ್ನೀರಿನಲ್ಲಿ ಅನೇಕ ಹಳ್ಳಿಗಳು ಮುಳುಗಿದವು, ಒಕ್ಕಲುಗಳು ಎದ್ದು ಬೇರೆಡೆ ನೆಲೆ ಹುಡುಕಬೇಕಾಯಿತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಹೊರಬೀಳುತ್ತ ಅದಕ್ಕೆ ಸಾಕ್ಷಿಯಾಗಿ ನಿಂತಿದೆ.

ಅದೇ ನೀರು ಎಡದಂಡೆ ನಾಲೆಯಲ್ಲಿ ಹರಿದು ಚನ್ನರಾಯಪಟ್ಟಣದ ಬಯಲನ್ನೂ ಮುಂದೆ ತುಮಕೂರಿನ ಸೀಮೆಯನ್ನೂ ಮುಟ್ಟಿತು. ಒಂದು ಕಡೆ ಊರು ಮುಳುಗಿದರೆ ಇನ್ನೊಂದು ಕಡೆ ಬೆಳೆ ಬದಲಾಯಿತು, ಬೆಳೆಯೊಡನೆ ಕೆಲಸದ ಸದ್ದೂ ಬದಲಾಯಿತು. ಈ ವಲಸೆಗೆ ಬೀಸುವ ಪದದಂಥ ಪರಂಪರೆ ಹುಟ್ಟದಿರುವುದಕ್ಕೆ ಕಾರಣ ಕಾಲದ್ದು. ಒಕ್ಕಲುಗಳು ಎದ್ದ ಹೊತ್ತಿಗೆ ಹಳ್ಳಿಹಳ್ಳಿಗೆ ಹಿಟ್ಟಿನ ಗಿರಣಿ, ಪಂಪ್‌ಸೆಟ್, ರೇಡಿಯೋ ಬರತೊಡಗಿದ್ದವು. ದುಃಖವಿತ್ತು, ಅದನ್ನು ಹೊತ್ತುಕೊಳ್ಳುವ ಕಲ್ಲು ಮೂಲೆ ಸೇರಿತ್ತು.

ಸಂಗ್ರಹದ ಚರಿತ್ರೆ

ಈ ಹಾಡುಗಳನ್ನು ಅಚ್ಚಿಗೆ ತಂದ ಮೊದಲಿಗರು ಹೇಮಾವತಿಯ ದಂಡೆಯವರೇ. ಕೃಷ್ಣರಾಜಪೇಟೆ ತಾಲ್ಲೂಕಿನ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿ 1933ರಲ್ಲಿ ತಮ್ಮ ಊರಿನ ಬದುಕನ್ನೂ ಹಾಡುಗಳನ್ನೂ ‘ಹುಟ್ಟಿದ ಹಳ್ಳಿ’ ಎಂಬ ಹೆಸರಿನ ಕೃತಿಯಲ್ಲಿ ಕೂಡಿಸಿ ಕೊಟ್ಟರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ಅವರ ‘ಹಳ್ಳಿಯ ಹಾಡುಗಳು’ 1938ರಲ್ಲಿ ಹೊರಬಂತು. ಉತ್ತರದಲ್ಲಿ ಭೀಮಾ ನದಿಯ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದ್ದರು. ಹೀಗೆ ಒಂದೇ ದಶಕದಲ್ಲಿ ಭೀಮೆಯ ಸೀಮೆಯೂ ಹೇಮಾವತಿಯ ಸೀಮೆಯೂ ತಮ್ಮ ಹೆಣ್ಣುಮಕ್ಕಳ ಪದಗಳಿಗೆ ಪುಸ್ತಕದ ಮನ್ನಣೆ ತಂದುಕೊಟ್ಟವು.

ಗೊರೂರರ ಬರಹದಲ್ಲಿ ಊರೇ ನಾಯಕ. ಮಗನನ್ನು ನೋಡಲು ಹೋಗಿ ಬಂದು ಬರೆದ ಪ್ರವಾಸಕಥನಕ್ಕೂ ಅವರು ಇಟ್ಟ ಹೆಸರು ‘ಅಮೆರಿಕಾದಲ್ಲಿ ಗೊರೂರು’. 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. ಹೋದವರು ಗೊರೂರರೋ ಗೊರೂರೋ ಎಂಬ ತುಂಟತನ ಆ ಹೆಸರಿನಲ್ಲಿದೆ. ಸಕಲೇಶಪುರದಲ್ಲಿ ಬೆಳೆದ ಎಸ್.ಕೆ. ಕರೀಂಖಾನ್ ಈ ಸಂಗ್ರಹಕಾರ್ಯದ ಇನ್ನೊಂದು ಮುಖ. ಆಫ್ಘಾನಿಸ್ತಾನದ ಮೂಲದಿಂದ ಬಂದ ಮನೆತನದ ಅವರು ಹಳ್ಳಿಹಳ್ಳಿ ಅಲೆದು ಕನ್ನಡ ಪದಗಳನ್ನು ಕಲೆಹಾಕಿ, ತಾವೇ ಹಾಡುತ್ತ ತಿರುಗಿ, ‘ಜಾನಪದ ಜಂಗಮ’ ಎನಿಸಿಕೊಂಡರು. ಚಲನಚಿತ್ರಗಳಿಗೂ ಗೀತೆ ಬರೆದರು, 2006ರಲ್ಲಿ ತೀರಿಕೊಂಡರು.

ಈ ಸಂಗ್ರಹಗಳಿಗೆ ಒಂದು ಮಿತಿಯಿದೆ. ಪುಸ್ತಕಕ್ಕೆ ಬಂದದ್ದು ಮಾತು ಮಾತ್ರ. ಮಟ್ಟು, ಕಲ್ಲಿನ ವೇಗ, ಕಾಳು ಹಾಕುವಾಗಿನ ಬಿಡುವು, ಜೊತೆಗಾರ್ತಿಯ ಸೊಲ್ಲು ಹೊರಗೇ ಉಳಿದವು. ಹೋಲಿಕೆಗೆ ಮಹಾರಾಷ್ಟ್ರವನ್ನು ನೋಡಬಹುದು. ಅಲ್ಲಿ ಹೇಮಾ ರಾಯರ್‌ಕರ್ ಮತ್ತು ಗೀ ಪ್ವಾತ್ವ್ಯಾಂ ಆರಂಭಿಸಿದ ಬೀಸುಕಲ್ಲಿನ ಓವಿಗಳ ಸಂಗ್ರಹ ಸಾವಿರಕ್ಕೂ ಹೆಚ್ಚು ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮಿಕ್ಕಿದ ಪದಗಳನ್ನು ಕಲೆಹಾಕಿತು. 1990ರ ದಶಕದಲ್ಲಿ ಅದರ ಒಂದು ಭಾಗವನ್ನು ದನಿಮುದ್ರಣವಾಗಿಯೂ ಉಳಿಸಿಕೊಂಡಿತು. ಕರ್ನಾಟಕದಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಬೀಸುಕಲ್ಲು ಒನಕೆಗಳಂಥ ವಸ್ತುಗಳನ್ನೂ ಹಾಡುಗಾರರನ್ನೂ ಒಂದೇ ಆವರಣಕ್ಕೆ ತಂದ ಪ್ರಯತ್ನ.

ಹೊರಜಗತ್ತಿನ ಹೋಲಿಕೆ

ದಿನಬಳಕೆಯ ಸದ್ದನ್ನು ಸಂಗೀತದ ಸಾಮಗ್ರಿಯಾಗಿ ಎತ್ತಿಕೊಳ್ಳುವುದು 20ನೆಯ ಶತಮಾನದಲ್ಲಿ ದನಿಮುದ್ರಣ ಯಂತ್ರದೊಡನೆ ಬೇರೊಂದು ದಾರಿ ಹಿಡಿಯಿತು. ಈಜಿಪ್ಟಿನ ಹಲೀಂ ಎಲ್‌-ದಬ್ 1944ರಲ್ಲಿ ಕೈರೋದಲ್ಲಿ ಜಾರ್ ಎಂಬ ದೆವ್ವ ಬಿಡಿಸುವ ಆಚರಣೆಯ ದನಿಯನ್ನು ತಂತಿಯ ಮೇಲೆ ಮುದ್ರಿಸಿ, ಆ ದನಿಯನ್ನೇ ಮಾರ್ಪಡಿಸಿ ಕೃತಿ ರಚಿಸಿದರು. ಮುಂದೆ ತಾವೇ ಅಮೆರಿಕಕ್ಕೆ ವಲಸೆ ಹೋದರು. ಪ್ಯಾರಿಸಿನಲ್ಲಿ ಪಿಯರ್ ಶೆಫರ್ 1948ರಲ್ಲಿ ರೈಲಿನ ಸದ್ದುಗಳಿಂದ ಕೃತಿ ಕಟ್ಟಿದರು. ಒಂದೇ ಸುತ್ತಿನಲ್ಲಿ ತಿರುಗುವ ಮುಚ್ಚಿದ ಗೀರಿನ ಧ್ವನಿಮುದ್ರಿಕೆ ಅವರ ಮುಖ್ಯ ಉಪಕರಣವಾಗಿತ್ತು. ಅಮೆರಿಕದ ಸ್ಟೀವ್ ರೈಶ್ ‘ಡಿಫರೆಂಟ್ ಟ್ರೇನ್ಸ್’ (1988) ಕೃತಿಯಲ್ಲಿ ತಮ್ಮ ಬಾಲ್ಯದ ರೈಲುಪ್ರಯಾಣವನ್ನೂ ಅದೇ ವರ್ಷಗಳಲ್ಲಿ ಯುರೋಪಿನ ಯೆಹೂದಿಗಳನ್ನು ಸಾವಿನತ್ತ ಒಯ್ದ ರೈಲುಗಳನ್ನೂ ಎದುರುಬದುರಿಟ್ಟು, ಬದುಕುಳಿದವರ ಮಾತಿನ ಏರಿಳಿತದಿಂದಲೇ ತಂತಿವಾದ್ಯಗಳ ಸ್ವರ ಹುಟ್ಟಿಸಿದರು. ಊರಿಗೆ ಅದರದೇ ಗುರುತಿನ ಸದ್ದು ಇರುತ್ತದೆಂದು ಕೆನಡಾದ ಆರ್. ಮರ‍್ರೆ ಶೆಫರ್ 1977ರ ಗ್ರಂಥದಲ್ಲಿ ವಾದಿಸಿದರು.

ಇವಕ್ಕೂ ಹಾಸನ ಸೀಮೆಯ ಪರಂಪರೆಗೂ ವ್ಯತ್ಯಾಸ ಸ್ಪಷ್ಟ. ಅಲ್ಲಿ ಸದ್ದನ್ನು ಹುಟ್ಟಿದ ಜಾಗದಿಂದ ಬಿಡಿಸಿ ಸ್ಟುಡಿಯೋಗೆ ತರುತ್ತಾರೆ, ಕೇಳುವವರು ಬೇರೆಯವರು. ಇಲ್ಲಿ ಸದ್ದು ಮಾಡುವವಳೂ ಹಾಡುವವಳೂ ಕೇಳುವವಳೂ ಒಬ್ಬಳೇ, ಹಾಡಿನ ಜೊತೆಗೆ ಹಿಟ್ಟೂ ಸಿದ್ಧವಾಗಬೇಕು. ಸಾಮ್ಯವಿರುವುದು ಸುತ್ತಿನಲ್ಲಿ. ಮುಚ್ಚಿದ ಗೀರಿನ ಮುದ್ರಿಕೆ ಮಾಡುವ ಕೆಲಸವನ್ನು, ಅಂದರೆ ಒಂದೇ ಸದ್ದನ್ನು ಮರಳಿ ಮರಳಿ ಕೇಳಿಸಿ ಅದು ಸಂಗೀತವೆನ್ನಿಸುವಂತೆ ಮಾಡುವುದನ್ನು, ರಾಗಿಕಲ್ಲು ಬಹಳ ಹಿಂದಿನಿಂದ ಮಾಡುತ್ತಿತ್ತು.

ಇಂದಿನ ಸ್ಥಿತಿ

ರಾಗಿಕಲ್ಲು ಈಗ ಬಹುತೇಕ ಮನೆಗಳಲ್ಲಿ ಮದುವೆಯ ಶಾಸ್ತ್ರಕ್ಕೆ ಮಾತ್ರ ಹೊರಬರುತ್ತದೆ. ರಾಗಿ ಬೀಸುವ ಪದ ಯುವಜನ ಮೇಳಗಳಲ್ಲಿ ಸೋಬಾನೆ, ಲಾವಣಿ, ಕೋಲಾಟಗಳ ಜೊತೆ ಒಂದು ಸ್ಪರ್ಧೆ. ವೇದಿಕೆಯ ಮೇಲೆ ಕಲ್ಲು ಇಟ್ಟು ಹಾಡುವುದುಂಟು; ಧ್ವನಿವರ್ಧಕ ಹಿಡಿಯುವುದು ಕೊರಳನ್ನು, ಕಲ್ಲು ನೋಟಕ್ಕೆ. ಹಾಸನದ ಆಕಾಶವಾಣಿ ಕೇಂದ್ರ ಸ್ಥಳೀಯ ಹಾಡುಗಾರರ ದನಿಯನ್ನು ಬಿತ್ತರಿಸುತ್ತ ಬಂದಿದೆ. ಬೆಂಗಳೂರಿಗೆ ದುಡಿಯಲು ಹೋದ ಈ ತಾಲ್ಲೂಕುಗಳ ಮಕ್ಕಳು ಊರ ಹಬ್ಬಕ್ಕೆ ಬಂದಾಗ ಅಜ್ಜಿಯ ಪದವನ್ನು ಮೊಬೈಲಿನಲ್ಲಿ ತುಂಬಿಕೊಂಡು ಹೋಗುವುದೂ ಇದೆ.

ಹೀಗೆ ಹಾಡೂ ತನ್ನ ತವರಾದ ಕಲ್ಲನ್ನು ಬಿಟ್ಟು ಕೊಟ್ಟ ಮನೆ ಸೇರಿದೆ. ಅಲ್ಲಿ ಅದಕ್ಕೆ ಮೆಚ್ಚುಗೆ ಸಿಗುತ್ತದೆ, ಕೆಲಸವಿಲ್ಲ. ಆದರೂ ಹಳೆಯ ಮನೆಯ ನಡೆ ಪೂರಾ ಬಿಟ್ಟುಹೋಗಿಲ್ಲ. ಬರಿಗೈಯಲ್ಲಿ ಹಾಡಲು ಕೂತ ಹಿರಿಯ ಹಾಡುಗಾರ್ತಿಯರ ಬಲಗೈ ಗೂಟ ಹಿಡಿದಂತೆ ತಿರುಗುವುದುಂಟು. ಎರಡನೆಯ ಸಾಲನ್ನು ಮರಳಿ ಎತ್ತಿಕೊಳ್ಳುವ ಮುನ್ನ, ಇಲ್ಲದ ಕಲ್ಲಿಗೆ ಕಾಳು ಹಾಕುವಷ್ಟು ಹೊತ್ತು ಅವರ ದನಿ ನಿಲ್ಲುತ್ತದೆ.